ಮೂರು ಗಂಟು ನೀರು

ನಮ್ಮ ಮನೆಯಲ್ಲಿ ಬಾವಿಯಿಂದ ನೀರು ಸೇದುವುದು ಅರ್ಧ ಕೆಲಸ. ಅದರಲ್ಲಿ ಉಳಿದದ್ದನ್ನು ಬಾವಿಗೇ ವಾಪಸು ಬಿಡುವುದು ಇನ್ನರ್ಧ. ಚನ್ನರಾಯಪಟ್ಟಣದ ಕಡೆಯ ನಮ್ಮೂರಿನಲ್ಲಿ ಜೈನರ ಮನೆ ಅಂತ ಇದ್ದದ್ದು ಮೂರೇ, ಅದರಲ್ಲಿ ಹಿತ್ತಲಲ್ಲಿ ಬಾವಿ ಇದ್ದದ್ದು ನಮ್ಮದೊಂದಕ್ಕೇ. ಪಡಸಾಲೆ ದಾಟಿ, ನಡುಮನೆ ದಾಟಿ, ಬಚ್ಚಲ ಪಕ್ಕದ ಕತ್ತಲೆಯ ಓಣಿಯಲ್ಲಿ ತಲೆ ಬಗ್ಗಿಸಿ ಹೊರಬಿದ್ದರೆ ಬಾವಿಕಟ್ಟೆ. ಅಜ್ಜಿ ಕೊಡದ ಬಾಯಿಗೆ ಎರಡು ಮಡಿಕೆಯ ಬಿಳಿ ಬಟ್ಟೆ ಹಾಸಿ ಅದರ ಮೇಲೆ ನೀರು ಸುರಿಯುತ್ತಿದ್ದಳು. ಇದಕ್ಕೆ ನಮ್ಮಲ್ಲಿ ನೀರು ಗಾಳಿಸುವುದು ಅನ್ನುತ್ತೇವೆ. ಗಾಳಿಸಿದ ಮೇಲೆ ಬಟ್ಟೆಯಲ್ಲಿ ಕಣ್ಣಿಗೆ ಕಾಣದ ಸಣ್ಣ ಸಣ್ಣ ಜೀವ ಉಳಿದಿರುತ್ತವಲ್ಲ, ಆ ಬಟ್ಟೆಯನ್ನು ಮಗುಚಿ, ಒಂದು ತಂಬಿಗೆ ನೀರಲ್ಲಿ ತೊಳೆದು, ಆ ತಂಬಿಗೆಯನ್ನು ದಾರ ಕಟ್ಟಿ ಬಾವಿಗೆ ಇಳಿಸಬೇಕು. ಮೇಲಿನಿಂದ ಸುರಿಯುವ ಹಾಗಿಲ್ಲ, ಪೆಟ್ಟಾಗುತ್ತದೆ. ತಂಬಿಗೆ ನೀರು ಮುಟ್ಟಿದ ಮೇಲೆ ಅದರ ತಳಕ್ಕೆ ಕಟ್ಟಿದ ಇನ್ನೊಂದು ದಾರ ಎಳೆದು ಮೆಲ್ಲಗೆ ಬಗ್ಗಿಸಬೇಕು. ಈ ಕೆಲಸ ನನ್ನದು. ನನಗೆ ಆಗ ಹತ್ತು ವರ್ಷ, ಒಂದು ದಿನ ಬೇಜಾರಾಗಿ ತಂಬಿಗೆಯನ್ನು ದಾಸವಾಳದ ಬುಡಕ್ಕೆ ಚೆಲ್ಲಲು ಹೋದಾಗ ಅಜ್ಜಿ ಹಿಂದಿನಿಂದ ಬಂದು ಕೈ ಹಿಡಿದಳು.

“ಅವುಗಳ ಮನೆ ಬಾವಿ ಕಣೇ ಪದ್ಮ. ನಿನ್ನನ್ನ ಕರಕೊಂಡು ಹೋಗಿ ಹೊಳೆನರಸೀಪುರದ ಸಂತೇಲಿ ಬಿಟ್ಟು ಬಂದ್ರೆ ಸುಮ್ನಿರ್ತೀಯಾ?”

ಅಂಥ ಅಜ್ಜಿ ಅವಳು. ಕಣ್ಣಿಗೆ ಕಾಣದ್ದಕ್ಕೂ ಅನ್ಯಾಯ ಆಗಬಾರದು ಅಂತ ಬದುಕಿದವಳು. ಅವಳ ಮನೆಯಲ್ಲೇ, ಅವಳ ಬಾವಿಕಟ್ಟೆಯ ಮೇಲೇ, ಕಣ್ಣಿಗೆ ಚೆನ್ನಾಗಿ ಕಾಣುವ ಒಬ್ಬ ಹೆಂಗಸಿಗೆ ನಾನು ಮಾಡಿದ್ದನ್ನು ಇಷ್ಟು ವರ್ಷ ಬಾಯಿ ಬಿಡದೆ ಇಟ್ಟುಕೊಂಡಿದ್ದೆ.

ಮನೆಯಲ್ಲಿ ಹೊತ್ತು ಮುಳುಗುವ ಮುಂಚೆ ಊಟ ಮುಗಿಯಬೇಕು. ಈರುಳ್ಳಿ, ಆಲೂಗೆಡ್ಡೆ ಹೊಸಿಲು ದಾಟುವ ಹಾಗಿಲ್ಲ. ಅಕ್ಕಿರೊಟ್ಟಿ, ಬಾಳೆಕಾಯಿ ಪಲ್ಯ, ಹೆಸರುಕಾಳಿನ ಸಾರು. ಅಪ್ಪ ಅಂಗಡಿಯಿಂದ ಬರುವುದು ತಡವಾದರೆ ಅಮ್ಮ ಬೀದಿ ಬಾಗಿಲಲ್ಲಿ ನಿಂತು ಒಂದು ಕಣ್ಣು ದಾರಿಯ ಮೇಲೆ, ಒಂದು ಕಣ್ಣು ಸೂರ್ಯನ ಮೇಲೆ ಇಟ್ಟಿರುತ್ತಿದ್ದಳು. ಎಷ್ಟೋ ಸಂಜೆ ಅಪ್ಪ ಹಸಿದೇ ಮಲಗಿದ್ದಾನೆ. ಇಷ್ಟು ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆದವಳು ನೇರ ಆಗಿರಬೇಕಿತ್ತು ಅಂತ ಓದುವವರಿಗೆ ಅನ್ನಿಸಬಹುದು. ನನಗಂತೂ ಕಟ್ಟುನಿಟ್ಟಿನಿಂದ ಬಂದದ್ದು ಬೈಸಿಕೊಳ್ಳುವ ಭಯ ಮಾತ್ರ. ಜೊತೆಗೆ ಜಂಬ ಇತ್ತು, ಅದು ಯಾರೂ ಕಲಿಸದೆ ತಾನಾಗಿ ಬಂದದ್ದು.

ಮಳೆ ಸತತ ಕೈಕೊಟ್ಟ ವರ್ಷಗಳವು. ಕೆರೆ ಬಿರುಕು ಬಿಟ್ಟ ನೆಲವಾಯಿತು, ಊರ ಸೇದೋಬಾವಿಯಲ್ಲಿ ಕೊಡ ಇಳಿಸಿದರೆ ತಳದ ಕಲ್ಲಿಗೆ ಬಡಿದ ಸದ್ದು ಬರುತ್ತಿತ್ತು. ಆಗ ಮಣ್ಣು ನೀರು ಉಳಿಸುವ ಇಲಾಖೆಯವರು ಜೀಪಿನಲ್ಲಿ ಬಂದು ಶಾಲೆಯ ಅಂಗಳದಲ್ಲಿ ಸಭೆ ಮಾಡಿದರು. ಹೊಲಗಳಿಗೆ ಬದು ಹಾಕುವುದು, ಬಾವಿಗಳ ಪಕ್ಕ ಇಂಗುಗುಂಡಿ ತೋಡುವುದು, ಇರುವ ನೀರನ್ನು ಊರೇ ಕೂತು ಹಂಚಿಕೊಳ್ಳುವುದು ಅಂತ ಮಾತಾಯಿತು. ನಮ್ಮ ಶಾಲೆಯ ಮೇಷ್ಟ್ರೇ ನೀರಿನ ಸಮಿತಿಗೆ ಮುಖ್ಯಸ್ಥರಾದರು. ಊರಲ್ಲಿ ಕುಡಿಯಲು ಯೋಗ್ಯ ನೀರು ಉಳಿದಿದ್ದದ್ದು ನಮ್ಮ ಹಿತ್ತಲಲ್ಲಿ ಮಾತ್ರ. ಅಜ್ಜಿ ಯಾರನ್ನೂ ಕೇಳದೆ ಸಭೆಯಲ್ಲಿ ಎದ್ದು ನಿಂತು, ಬಾವಿ ಊರಿನದು ಅಂದುಬಿಟ್ಟಳು. ಆ ಸಂಜೆ ಅಡುಗೆಮನೆಯಲ್ಲಿ ನಡೆದ ಜಗಳ ನನಗೆ ಇನ್ನೂ ಕಿವಿಯಲ್ಲಿದೆ.

“ಊರಿಗೂರೇ ನಡುಮನೇಲಿ ಓಡಾಡಿದ್ರೆ ನಾನು ಒಲೆ ಹಚ್ಚೋದೆಲ್ಲಿ ಅತ್ತೆ?” ಅಂದಳು ಅಮ್ಮ.

“ನಡುಮನೇಲಿ ಯಾಕೆ ಓಡಾಡ್ತಾರೆ? ಹಿಂದಿನ ಗೋಡೆ ಒಡೆಸ್ತೀನಿ.”

“ಕೆಳಗಿನ ಬೀದಿಯವರೂ ಬರ್ತಾರೆ.”

“ಬರ್ಲಿ. ಬಾಯಾರಿಕೆಗೆ ಬೀದಿ ಗೊತ್ತಿರಲ್ಲ.”

ಮಾರನೆಯ ದಿನವೇ ಹಿತ್ತಲ ಗೋಡೆ ಒಡೆದು ಗೇಟು ಇಟ್ಟರು. ಅಜ್ಜಿ ಹಾಕಿದ ಷರತ್ತು ಒಂದೇ. ಯಾರೇ ಸೇದಲಿ, ಗಾಳಿಸಿಯೇ ಒಯ್ಯಬೇಕು, ಬಟ್ಟೆಯಲ್ಲಿ ಉಳಿದದ್ದು ಬಾವಿಗೇ ಹೋಗಬೇಕು. ಜನ ಮೊದಲು ನಕ್ಕರು, ಆಮೇಲೆ ಅಭ್ಯಾಸ ಮಾಡಿಕೊಂಡರು. ಹಂಚುವುದಕ್ಕೆ ಮೇಷ್ಟ್ರು ಒಂದು ಉಪಾಯ ಮಾಡಿದ್ದರು. ಉದ್ದನೆಯ ಹಗ್ಗಕ್ಕೆ ಗೇಣಿಗೊಂದು ಗಂಟು ಹಾಕಿ, ತುದಿಗೆ ಒಂದು ಗುಂಡುಕಲ್ಲು ಕಟ್ಟಿ, ದಿನಾ ಬೆಳಿಗ್ಗೆ ಯಾರೂ ಸೇದುವ ಮುಂಚೆ ಬಾವಿಯ ತಳ ಮುಟ್ಟುವಂತೆ ಇಳಿಸುವುದು. ಮೇಲೆತ್ತಿದಾಗ ಎಷ್ಟು ಗಂಟು ಒದ್ದೆಯೋ ಆ ದಿನ ಮನೆಗೆ ಅಷ್ಟು ಕೊಡ. ಒಂದೇ ಗಂಟಾದರೆ ಒಂದೇ ಕೊಡ, ದನಕರುಗಳಿಗೆ ಹನಿಯೂ ಇಲ್ಲ. ಹಗ್ಗ ಇಳಿಸುವ ಕೆಲಸ ದೊಡ್ಡವರಿಗೆ ಕೊಟ್ಟರೆ ತಮ್ಮವರ ಪರ ಎಳೆಯುತ್ತಾರೆ, ಮಗುವಿಗೆ ಕೊಡೋಣ, ಮಗು ಸುಳ್ಳು ಹೇಳುವುದಿಲ್ಲ ಅಂತ ಮೇಷ್ಟ್ರು ಹಗ್ಗ ನನ್ನ ಕೈಗೆ ಕೊಟ್ಟರು. ನಾನು ಗಂಟು ಎಣಿಸಿ ಕೂಗುತ್ತಿದ್ದೆ, ಮೀಸೆ ಬಂದ ಗಂಡಸರೂ ಬಾಯಿ ಮುಚ್ಚಿ ಕೇಳುತ್ತಿದ್ದರು. ಆ ಸುಖವನ್ನು ಆಮೇಲೆ ಕಾಲೇಜಿನಲ್ಲಿ ಪಾಠ ಹೇಳುವಾಗಲೂ ನಾನು ಕಂಡಿಲ್ಲ.

ಹಗ್ಗ ಇಳಿಸುವುದಕ್ಕೆ ಒಂದು ಜಾಗವಿತ್ತು, ಮೂಡಲ ಮೂಲೆ. ರಾಟೆಯ ಕಡೆ ಇಳಿಸಬಾರದು, ಅಲ್ಲಿ ಬಾವಿಯ ಗೋಡೆಯಿಂದ ಚಾಚಿದ ಒಂದು ಮೆಟ್ಟುಗಲ್ಲು ನೀರಿನೊಳಗೆ ಮುಳುಗಿತ್ತು, ಗುಂಡುಕಲ್ಲು ಅದರ ಮೇಲೆ ಕೂತುಬಿಟ್ಟರೆ ತಳ ಮುಟ್ಟುವುದಿಲ್ಲ. ಇದನ್ನು ಮೇಷ್ಟ್ರು ನನಗೆ ಮೂರು ಸಲ ಹೇಳಿದ್ದರು.

ನಮ್ಮ ಕೊಟ್ಟಿಗೆಯ ಕಸ ಬಾಚಲು ಜವರಮ್ಮ ಬರುತ್ತಿದ್ದಳು. ಕೆಳಗಿನ ಬೀದಿಯವಳು, ಗಂಡ ತೀರಿಕೊಂಡಿದ್ದ. ಹೊಸ ಗೇಟಿನ ಬೀಗದ ಕೈ ಅಜ್ಜಿ ಅವಳಿಗೇ ಕೊಟ್ಟಿದ್ದಳು, ಎಲ್ಲರಿಗಿಂತ ಮೊದಲು ಬರುವವಳು ಅವಳಲ್ಲವೆ. ಅವಳ ಮಗಳು ಲಕ್ಷ್ಮಿ ಶಾಲೆಯಲ್ಲಿ ನನ್ನ ಪಕ್ಕ ಕೂರುತ್ತಿದ್ದಳು. ಲೆಕ್ಕದಲ್ಲಿ ನನಗಿಂತ ಮುಂದು, ನನಗೆ ಅದೊಂದು ಸಣ್ಣ ಹೊಟ್ಟೆಕಿಚ್ಚು. ಜವರಮ್ಮನ ಹತ್ತಿರ ಒಂದು ಎಮ್ಮೆಯಿತ್ತು. ನಾನು ಹೇಳುತ್ತಿರುವ ದಿನದ ಹಿಂದಿನ ಸಂಜೆ ಅದು ಕರು ಹಾಕಿತ್ತು.

ಆ ಬೆಳಿಗ್ಗೆ ಅಪ್ಪ ನನ್ನನ್ನು ಹಾಸನಕ್ಕೆ ಕರೆದುಕೊಂಡು ಹೋಗುವವನಿದ್ದ. ಹೊಸ ಲಂಗ, ಮೊದಲ ಬಸ್ಸು. ಅಮ್ಮ ಒಳಗಿನಿಂದ ಜಡೆ ಹಾಕಲು ಕರೆಯುತ್ತಿದ್ದಾಳೆ, ಅಪ್ಪ ಬೀದಿಯಿಂದ ಕೂಗುತ್ತಿದ್ದಾನೆ. ನಾನು ಬಾವಿಕಟ್ಟೆಗೆ ಓಡಿ ಬಂದವಳು ಮೂಡಲ ಮೂಲೆಗೆ ಸುತ್ತಿಕೊಂಡು ಹೋಗುವ ನಾಲ್ಕು ಹೆಜ್ಜೆ ಉಳಿಸಲು ರಾಟೆಯ ಕಡೆಯಿಂದಲೇ ಹಗ್ಗ ಬಿಟ್ಟೆ. ಎತ್ತಿದೆ. ಒಂದೇ ಗಂಟು ಒದ್ದೆ. ಹಿಂದಿನ ದಿನ ಮೂರು ಇತ್ತು. ಕಾದು ನಿಂತಿದ್ದವರ ಕಡೆ ತಿರುಗಿ ‘ಒಂದು’ ಅಂತ ಕೂಗಿ, ಹಗ್ಗವನ್ನು ಗೂಟಕ್ಕೆ ಸಿಕ್ಕಿಸಿ ಓಡಿದೆ. ಹಿತ್ತಲಲ್ಲಿ ಗುಡಿಸುತ್ತಿದ್ದ ಜವರಮ್ಮ ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದ್ದು ನೆನಪಿದೆ.

ಬಸ್ಸು ಶಾಂತಿಗ್ರಾಮ ದಾಟುವಾಗ, ಕಿಟಕಿ ಪಕ್ಕ ಕೂತು ಲಂಗದ ಜರಿ ಸವರುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು. ಕಲ್ಲಿಗೆ ಕೆಸರು ಅಂಟಿರಲಿಲ್ಲ. ದಿನಾ ತಳ ಮುಟ್ಟಿ ಬಂದ ಕಲ್ಲು ಕರಿ ಕೆಸರು ಮೆತ್ತಿಕೊಂಡು ಬರುತ್ತಿತ್ತು, ನಾನು ಅದನ್ನು ತೊಳೆದೇ ಹಗ್ಗ ಸುತ್ತುತ್ತಿದ್ದೆ. ಆ ದಿನ ತೊಳೆಯಲು ಏನೂ ಇರಲಿಲ್ಲ. ಅಪ್ಪನಿಗೆ ಹೇಳಬೇಕು ಅಂತ ಬಾಯಿ ತೆರೆದೆ. ಅವನು ಪಕ್ಕದವರಿಗೆ, “ನಮ್ಮ ಮಗಳು ಅಳೆದ್ರೇನೇ ಊರಿಗೆ ನೀರು” ಅಂತ ಹೇಳುತ್ತಿದ್ದ. ಬಾಯಿ ಮುಚ್ಚಿಕೊಂಡೆ.

ಸಂಜೆ ಮನೆಗೆ ಬಂದರೆ ಹಿತ್ತಲ ತುಂಬ ಜನ. ಒಂದೇ ರಾತ್ರಿಯಲ್ಲಿ ಎರಡು ಗಂಟು ನೀರು ಇಳಿಯುವುದೆಂದರೇನು, ಯಾರೋ ಕದ್ದಿದ್ದಾರೆ ಅಂತ ಮಾತು ಎದ್ದು, ಬೀಗದ ಕೈ ಯಾರ ಹತ್ತಿರ ಅಂತ ಕೇಳಿ, ಜವರಮ್ಮನ ಮನೆ ಮುಂದೆ ಹೋಗಿ ನೋಡಿದ್ದರು. ಅವಳ ಎಮ್ಮೆಯ ಬಾನಿಯಲ್ಲಿ ನೀರು ತುಂಬಿತ್ತು. ಅಷ್ಟೇ ಸಾಕಾಯಿತು. ಎರಡು ಗೇಣು ನೀರೆಂದರೆ ಎಷ್ಟು ಕೊಡ, ಅದು ಒಂದು ಬಾನಿಯಲ್ಲಿ ಹಿಡಿಯುತ್ತದೆಯೇ ಅಂತ ಒಬ್ಬರೂ ಯೋಚಿಸಲಿಲ್ಲ. ಮೇಷ್ಟ್ರೂ ಯೋಚಿಸಲಿಲ್ಲ, ಲೆಕ್ಕ ಕಲಿಸುವ ಮನುಷ್ಯ.

“ಎಮ್ಮೆ ಕರ ಹಾಕೋ ದಿನ ಬಂತು ಅಂತ ಮೂರ್ ದಿನದಿಂದ ನಮ್ ಪಾಲಿನ್ ನೀರ್ನೇ ಉಳಿಸಿ ಮಡಗಿದ್ದೆ ಸಾ. ನಾವೇ ಕುಡೀದೆ ಮಡಗಿದ್ದೆ. ಮಗೀನ ಕೇಳಿ ಬೇಕಾದ್ರೆ,” ಅಂದಳು ಜವರಮ್ಮ.

ಲಕ್ಷ್ಮಿ ಹೌದು ಅಂತ ತಲೆಯಾಡಿಸಿದಳು. ತಾಯಿಯ ಪರ ಮಗಳು ಹೇಳದೆ ಇನ್ನೇನು ಅಂದರು ಯಾರೋ. ಅಜ್ಜಿ ಬಾವಿಕಟ್ಟೆಯ ಮೇಲೆ ಕೂತಿದ್ದಳು, ಅವಳ ಮುಖ ಬಾಡಿಹೋಗಿತ್ತು.

“ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ ಜವರಿ?”

“ನಾನು ತಗಂಡಿಲ್ಲ ದೊಡ್ಡಮ್ಮೋರೇ.”

ಅಪ್ಪನ ಬೆನ್ನ ಹಿಂದೆ, ಹೊಸ ಲಂಗದಲ್ಲಿ, ನಾನು ನಿಂತಿದ್ದೆ. ಎರಡು ಮಾತು ಆಡಿದ್ದರೆ ಸಾಕಿತ್ತು. ಹೆಚ್ಚೆಂದರೆ ಅಪ್ಪ ಒಂದು ಏಟು ಹೊಡೆಯುತ್ತಿದ್ದ. ಆದರೆ ನನಗೆ ಏಟಿಗಿಂತ ಹೆದರಿಕೆಯಾದದ್ದು ಹಗ್ಗ ಹೋಗಿಬಿಡುತ್ತದಲ್ಲ ಅಂತ. ಲಕ್ಷ್ಮಿಗೆ ಕೊಟ್ಟುಬಿಟ್ಟರೆ ಅಂತಲೂ ಅನ್ನಿಸಿತು, ಸುಳ್ಳು ಯಾಕೆ ಹೇಳಲಿ. ಸಮಿತಿಯವರು ಜವರಮ್ಮನಿಂದ ಬೀಗದ ಕೈ ಇಸಿದುಕೊಂಡು, ಮಳೆ ಬರುವ ತನಕ ಅವಳ ಮನೆಯವರು ಬಾವಿಗೆ ಬರಕೂಡದು ಅಂದರು.

ನಾಳೆ ಸರಿಯಾಗಿ ಅಳೆದರೆ ಎಲ್ಲ ತಾನಾಗಿ ಸರಿಹೋಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಮತ್ತೆ ಮೂರು ಗಂಟು ಕಂಡರೆ, ಓಹೋ ನಿನ್ನೆ ಅಳತೆ ತಪ್ಪಿತ್ತು ಅಂತ ದೊಡ್ಡವರಿಗೆ ಗೊತ್ತಾಗುತ್ತದೆ, ನಾನು ಬಾಯಿ ಬಿಡುವ ಅಗತ್ಯವೇ ಇಲ್ಲ. ಬೆಳಿಗ್ಗೆ ಮೂಡಲ ಮೂಲೆಯಲ್ಲಿ ನಿಂತು ಜೋಪಾನವಾಗಿ ಇಳಿಸಿದೆ. ಕಲ್ಲಿಗೆ ಕೆಸರು, ಹಗ್ಗಕ್ಕೆ ಮೂರು ಒದ್ದೆ ಗಂಟು. ಕೂಗಿದೆ. ಸಾಲಿನಲ್ಲಿದ್ದ ಒಬ್ಬ ಮುದುಕ ಕೈ ಮುಗಿದ.

“ನೋಡಿದ್ರಾ? ಕಳ್ಳಿ ಕೈ ನಿಂತೇಟ್ಗೆ ಗಂಗಮ್ಮ ತಿರಿಕ್ಕಂಡ್ ಬಂದವ್ಳೆ.”

ಅಜ್ಜಿಯೂ ಕೈ ಮುಗಿದಳು. ನನ್ನ ಸರಿಯಾದ ಅಳತೆಯೇ ಜವರಮ್ಮನ ಮೇಲಿನ ಸಾಕ್ಷಿಯಾಯಿತು. ಆಗಲೂ ನಾನು ಹೇಳಬಹುದಿತ್ತು. ಹೇಳಲಿಲ್ಲ.

ಆ ಬೇಸಿಗೆ ಜವರಮ್ಮ ಕೆರೆಯ ನಡುವೆ ಗುಂಡಿ ತೋಡಿ, ಒರತೆಯಲ್ಲಿ ಒಸರುವ ಬಗ್ಗಡವನ್ನು ಚಿಪ್ಪಿನಲ್ಲಿ ಬಾಚಿ ಕೊಡ ತುಂಬಿಸುತ್ತಿದ್ದಳು. ಒಂದು ಕೊಡಕ್ಕೆ ಅರ್ಧ ದಿನ ಬೇಕು. ಒರತೆಯ ಹತ್ತಿರ ಕಾಯಲು ಲಕ್ಷ್ಮಿಯನ್ನು ಕೂರಿಸಿದಳು. ಲಕ್ಷ್ಮಿ ಮೊದಲು ಮಧ್ಯಾಹ್ನದ ಮೇಲೆ ಶಾಲೆಗೆ ಬರುತ್ತಿದ್ದಳು. ಹುಡುಗರು ‘ನೀರ್ಗಳ್ಳಿ’ ಅಂತ ಕೂಗತೊಡಗಿದ ಮೇಲೆ ಅದನ್ನೂ ಬಿಟ್ಟಳು. ಎಮ್ಮೆ ಮತ್ತು ಕರುವನ್ನು ಜವರಮ್ಮ ಕಟ್ಟಾಯದಲ್ಲಿದ್ದ ಅಣ್ಣನ ಮನೆಗೆ ಹೊಡೆದುಕೊಂಡು ಹೋಗಿ ಬಿಟ್ಟು ಬಂದಳು, ಅವು ತಿರುಗಿ ಬರಲಿಲ್ಲ. ಶಾಲೆಯಲ್ಲಿ ನನ್ನ ಪಕ್ಕದ ಜಾಗ ಖಾಲಿ ಉಳಿಯಿತು. ಆ ವರ್ಷ ಲೆಕ್ಕದಲ್ಲಿ ನಾನೇ ಮೊದಲು ಬಂದೆ, ಮನೆಯಲ್ಲಿ ಅಮ್ಮ ಪಾಯಸ ಮಾಡಿದಳು.

ಮಳೆಯೂ ಬಂತು, ಭಾದ್ರಪದವೂ ಬಂತು. ನಮ್ಮ ದಶಲಕ್ಷಣ ಪರ್ವ ಮುಗಿದ ಮೇಲೆ ಕ್ಷಮಾವಳಿ ಅಂತ ಒಂದು ದಿನ ಇದೆ. ತಿಳಿದೋ ತಿಳಿಯದೆಯೋ ಆದ ತಪ್ಪಿಗೆ ಎಲ್ಲರ ಹತ್ತಿರ ಕ್ಷಮೆ ಕೇಳುವ ದಿನ. ಅಜ್ಜಿ ನನ್ನ ಕೈ ಹಿಡಿದು ಮನೆ ಮನೆಗೆ ಹೋದಳು, ಕೆಳಗಿನ ಬೀದಿಗೂ ಹೋದಳು. ಜವರಮ್ಮ ಬಾಗಿಲಲ್ಲಿ ರಾಗಿ ಕೇರುತ್ತಿದ್ದಳು. ಅಜ್ಜಿ ಕೈ ಮುಗಿದು, “ನಿನ್ನ ಮೇಲೆ ನಂಗೇನೂ ಇಲ್ಲ ಜವರಿ, ಮರೆತಿದ್ದೀನಿ. ನೀನೂ ನಮ್ಮನ್ನ ಕ್ಷಮಿಸು,” ಅಂದಳು. ಮರೆಯಲು ಅಲ್ಲಿ ಏನಿತ್ತು? ಆಮೇಲೆ ಅಜ್ಜಿ ನನ್ನ ಬೆನ್ನು ತಟ್ಟಿದಳು. ನಾನು ಕೈ ಜೋಡಿಸಿದೆ.

“ತಿಳಿದೋ ತಿಳಿಯದೆಯೋ ನನ್ನಿಂದ ತಪ್ಪಾಗಿದ್ದರೆ ಕ್ಷಮಿಸಿ.”

ಜವರಮ್ಮ ಮೊರ ಕೆಳಗಿಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಳು. ಕೊನೆಗೆ “ಸರಿ ಕಣವ್ವ” ಅಂದು ಮೊರ ಎತ್ತಿಕೊಂಡಳು. ಆ ವರ್ಷದಿಂದ ಹೋದ ವರ್ಷದವರೆಗೆ ಪ್ರತಿ ಕ್ಷಮಾವಳಿಗೂ ನಾನು ಆ ಮಾತು ಹೇಳಿದ್ದೇನೆ, ನೂರಾರು ಜನಕ್ಕೆ ಹೇಳಿದ್ದೇನೆ. ತಿಳಿದು ಮಾಡಿದ್ದನ್ನು ತಿಳಿಯದೆ ಮಾಡಿದ್ದರ ಜೊತೆ ಸೇರಿಸಿ ಹೇಳುವುದು ಎಷ್ಟು ಸಲೀಸು ಅಂತ ನನಗಿಂತ ಚೆನ್ನಾಗಿ ಬಲ್ಲವರು ಇರಲಾರರು.

ಅಜ್ಜಿ ಹೋದಳು, ಅಪ್ಪ ಅಮ್ಮನೂ ಹೋದರು. ಮನೆಯ ಮುಂಭಾಗ ಈಗ ಹಾಲಿನ ಡೈರಿ, ಬಾವಿಯಿರುವ ಹಿತ್ತಲನ್ನು ಅಪ್ಪ ಮೊದಲೇ ಊರಿಗೆ ಬಿಟ್ಟುಕೊಟ್ಟಿದ್ದ. ನಾನು ಹಾಸನದಲ್ಲಿ ಮನೆ ಮಾಡಿ ಕಾಲೇಜಿನಲ್ಲಿ ಕೆಲಸ ಮುಗಿಸುವ ಹತ್ತಿರ ಬಂದಿದ್ದೇನೆ. ಮಳೆ ಮತ್ತೆ ಕೈಕೊಟ್ಟ ಮೇಲೆ ಊರಲ್ಲಿ ನೀರಿನ ಸಮಿತಿ ಮತ್ತೆ ಜೀವ ತಳೆದಿದೆ. ಕಲ್ಯಾಣಿಯ ಹೂಳೆತ್ತಿದ್ದಾರೆ, ಡೈರಿಯ ಸೂರಿನ ನೀರು ಪೈಪಿನಲ್ಲಿ ಇಂಗುಗುಂಡಿಗೆ ಇಳಿಯುತ್ತದೆ. ಕೊಳವೆಬಾವಿಗಳು ಒಣಗಿದರೂ ನಮ್ಮ ಬಾವಿ ನಿಂತಿದೆ ಅಂತ, ಅಜ್ಜಿಯ ಹೆಸರು ಕೆತ್ತಿದ ಕಲ್ಲು ನಿಲ್ಲಿಸುತ್ತೇವೆ, ಬಂದು ಎರಡು ಮಾತಾಡಿ ಅಂತ ಈ ಬೇಸಿಗೆಯಲ್ಲಿ ಕರೆದರು. ಮೊದಲ ಬಸ್ಸಿಗೆ ಹೋದೆ.

ಹಿತ್ತಲಲ್ಲಿ ಆಗಲೇ ಕೊಡಗಳ ಸಾಲು. ಬಾವಿಕಟ್ಟೆಯ ಮೂಡಲ ಮೂಲೆಯಲ್ಲಿ, ನರೆತ ಕೂದಲಿನ ಹೆಂಗಸೊಬ್ಬಳು ನೈಲಾನ್ ಹಗ್ಗ ಎತ್ತುತ್ತಿದ್ದಳು. ನೋಡಿದ ಕೂಡಲೇ ಗುರುತು ಸಿಕ್ಕಿತು, ಲಕ್ಷ್ಮಿ. ಅವಳು ಗಂಟು ಎಣಿಸಲಿಲ್ಲ. ಮೊದಲು ತುದಿಯ ಗುಂಡುಕಲ್ಲನ್ನು ಅಂಗೈಯಲ್ಲಿ ಹಿಡಿದು ಸಾಲಿನಲ್ಲಿದ್ದವರಿಗೆಲ್ಲ ತೋರಿಸಿದಳು. ಕರಿ ಕೆಸರು. ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಊರಿನ ಗ್ರೂಪಿಗೆ ಹಾಕಿದಳು. ಆಮೇಲೆ ಎಣಿಸಿ ‘ಐದು’ ಅಂದಳು.

“ಬನ್ನಿ ಮೇಡಮ್ಮೋರೇ,” ಅಂದಳು ನನ್ನನ್ನು ಕಂಡು.

“ಕಲ್ಲು ಯಾಕೆ ತೋರಿಸ್ತೀಯ ಲಕ್ಷ್ಮಿ?”

“ಕೆಸ್ರು ತೋರ್ಸಿದ್ ಮ್ಯಾಲೇನೆ ಗಂಟು ಎಣ್ಸೋದು. ಅದು ನಮ್ಮವ್ವ ಮಾಡ್ಸಿರೋ ಕಾನೂನು.”

ಸಮಾರಂಭಕ್ಕೆ ಇನ್ನೂ ಹೊತ್ತಿತ್ತು. ಕೆಳಗಿನ ಬೀದಿಗೆ ನಡೆದೆ. ಜವರಮ್ಮ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದಳು, ತುಂಬ ಮುದುಕಿಯಾಗಿದ್ದಳು, ಕಣ್ಣು ಮಾತ್ರ ಚುರುಕು. ನಾನು ಕೆಳಗೆ ನೆಲದ ಮೇಲೆ ಕೂತು, ಎಲ್ಲ ಹೇಳಿದೆ. ರಾಟೆಯ ಕಡೆ, ಮೆಟ್ಟುಗಲ್ಲು, ಶಾಂತಿಗ್ರಾಮ, ಲಂಗ. ಹೇಳುತ್ತ ಅತ್ತೆ. ಅವಳು ಅಳಲಿಲ್ಲ.

“ಗೊತ್ತು ಕಣವ್ವ. ನೀನು ಅಗ್ಗ ಎತ್ತುವಾಗ ನಾನು ಅಲ್ಲೇ ಗುಡಿಸ್ತಿರ್ಲಿಲ್ವಾ? ಕಲ್ಲು ತೊಳ್ದಂಗಿತ್ತು. ತಳ ಮುಟ್ಟಿದ್ ಕಲ್ಗೆ ಕೆಸ್ರು ಅಂಟ್ದೆ ಇರ್ತದಾ?”

“ಮತ್ತೆ ಯಾಕೆ ಹೇಳ್ಲಿಲ್ಲ ಜವರಮ್ಮ?”

“ಯೋಳಿದ್ರೆ ನಂಬೋರ್ ಯಾರಿದ್ರು? ನೀನು ದೊಡ್ಡಮ್ಮೋರ ಮೊಮ್ಮಗ್ಳು, ನಾನು ಕಸ ಬಾಚೋಳು. ಅದೂ ಅಲ್ದೆ ನೀನೇ ಯೋಳ್ತೀಯ ಅನ್ಕಂಡೆ. ಮಗ ಎದ್ರಿಕಂಡದೆ, ಇವತ್ತಲ್ಲ ನಾಳೆ ಯೋಳ್ತದೆ ಅಂತ. ಆಮ್ಯಾಕೆ ಆ ಅಬ್ಬದ ದಿನ ಕೈ ಮುಗ್ಕಂಡ್ ಬಂದ್ಯಲ್ಲ, ಈಗ ಯೋಳ್ತಾಳೆ ಅಂತ ಉಸ್ರು ಬಿಗಿ ಇಡ್ಕಂಡು ನಿಂತಿದ್ದೆ. ನೀನು ಅದೇನೋ ಬಾಯಿಪಾಠ ಒಪ್ಪಿಸ್ಬುಟ್ಟು ಒಂಟೋದೆ.”

“ಈಗ ಹೇಳ್ತಾ ಇದ್ದೀನಲ್ಲ. ನನ್ನನ್ನ ಕ್ಷಮಿಸು.”

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ನಂಗ್ಯಾಕವ್ವ ಯೋಳ್ತೀಯ? ನಂಗೆ ಗೊತ್ತಿರೋದೇ. ಗೊತ್ತಿಲ್ದೋರ್ಗೆ ಯೋಳು.”

ಒಂದು ಗಂಟೆಯ ನಂತರ ಮೈಕು ನನ್ನ ಕೈಗೆ ಬಂತು. ಊರೆಲ್ಲ ಶಾಮಿಯಾನದ ಕೆಳಗೆ ಕೂತಿತ್ತು. ಮುಂದಿನ ಸಾಲಿನಲ್ಲಿ ಜವರಮ್ಮ, ಪಕ್ಕದಲ್ಲಿ ಮಡಿಲಲ್ಲಿ ಹಗ್ಗ ಇಟ್ಟುಕೊಂಡ ಲಕ್ಷ್ಮಿ. ನಾನು ಅಜ್ಜಿಯ ಬಗ್ಗೆ ಹೇಳಿದೆ, ಗೋಡೆ ಒಡೆಸಿದ್ದು, ನೀರು ಗಾಳಿಸಿದ್ದು, ಹೊಳೆನರಸೀಪುರದ ಸಂತೆಯ ಮಾತು ಹೇಳಿ ನಗಿಸಿದೆ. ಆ ಬೇಸಿಗೆ ಒಂದು ದಿನ ಏನಾಯಿತು ಅಂದರೆ, ಅಂತ ಶುರು ಮಾಡಿದೆ. ಮೈಕನ್ನು ಬಾಯಿಂದ ಕೆಳಗಿಳಿಸಿದೆ. ಎಲ್ಲರೂ ಅದನ್ನು ಅಜ್ಜಿಯ ನೆನಪು ಅಂದುಕೊಂಡರು, ಯಾರೋ ನೀರಿನ ಲೋಟ ತಂದುಕೊಟ್ಟರು. ಕುಡಿದು, ಇಂಥ ಅಜ್ಜಿಯ ಮೊಮ್ಮಗಳಾದದ್ದು ನನ್ನ ಪುಣ್ಯ ಅಂತ ಹೇಳಿ ಕೂತೆ. ಶಾಲು ಹೊದಿಸಿದರು. ಜವರಮ್ಮ ಕೂಡ ಎರಡು ಸಲ ಚಪ್ಪಾಳೆ ತಟ್ಟಿ, ಮಗಳ ಭುಜ ಹಿಡಿದು ಎದ್ದು ಹೋದಳು.

ಹಾಸನಕ್ಕೆ ಬಂದ ಮೇಲೆ ಆ ಶಾಲನ್ನು ಬಿಚ್ಚಿಲ್ಲ, ಮಡಿಚಿದ ಹಾಗೇ ಕುರ್ಚಿಯ ಮೇಲಿದೆ. ಊರಿನ ಗ್ರೂಪಿಗೆ ನನ್ನನ್ನೂ ಸೇರಿಸಿದ್ದಾರೆ. ದಿನಾ ಬೆಳಿಗ್ಗೆ ಲಕ್ಷ್ಮಿಯ ಅಂಗೈ, ಅದರಲ್ಲಿ ಕೆಸರು ಮೆತ್ತಿದ ಕಲ್ಲು, ಕೆಳಗೆ ಗಂಟಿನ ಸಂಖ್ಯೆ ಬರುತ್ತದೆ. ಒಂಬತ್ತು ದಿನ ಬರೀ ನೋಡಿದೆ. ಹತ್ತನೆಯ ದಿನ, ಇನ್ನೂ ಹಲ್ಲುಜ್ಜದೆ, ಅವಳ ಫೋಟೋದ ಕೆಳಗೆ ಬರೆದು ಕಳಿಸಿದೆ. ಕಳಿಸಿದ ಮೇಲೆಯೇ ನನ್ನ ಆತ್ಮಕಥೆಯ ಈ ಅಧ್ಯಾಯ ಬರೆಯಲು ಕೂತದ್ದು. ಅಲ್ಲಿ ಬರೆದದ್ದನ್ನು ಇಲ್ಲಿಯೂ ಹಾಗೇ ಇಡುತ್ತೇನೆ.

“ನಾನು ಪದ್ಮ, ಬಾವಿ ಮನೆಯವಳು. ಜವರಮ್ಮನನ್ನು ಕಳ್ಳಿ ಅಂದ ದಿನ ಬಾವಿಯಲ್ಲಿ ಮೂರು ಗಂಟು ನೀರಿತ್ತು. ನಾನು ತಪ್ಪಾಗಿ ಅಳೆದು ಒಂದು ಅಂದೆ. ತಪ್ಪಾಗಿದೆ ಅಂತ ಅವತ್ತೇ ನನಗೆ ಗೊತ್ತಾಯಿತು, ಗೊತ್ತಿದ್ದೂ ಸುಮ್ಮನಿದ್ದೆ. ಜವರಮ್ಮ ಒಂದು ತಂಬಿಗೆ ನೀರನ್ನೂ ಕದ್ದವಳಲ್ಲ.”